ಮಾಸ್ತರರ ಕಲ್ಲು, ನನ್ನ ದವಡೆ

ಅಡಿವೆಪ್ಪ ಮಾಸ್ತರರು ಶಾಲೆಯಿಂದ ನಿವೃತ್ತರಾದ ವರ್ಷ ಊರಿನವರು ಅವರಿಗೆ ನಿರೋಗಿ ಎಂಬ ಬಿರುದು ಕೊಟ್ಟು ಎದೆಗೆ ಹಿತ್ತಾಳೆಯ ಬಿಲ್ಲೆ ಚುಚ್ಚಿದರು. ಹುಟ್ಟಿದಂದಿನಿಂದ ಒಂದು ದಿನವೂ ಅವರ ಮೈ ನೋಯಲಿಲ್ಲವಂತೆ. ನೋಯುವುದು ಹೇಗೆ? ಅವರ ಮೈಯಲ್ಲಿ ನೋಯಬೇಕಾದದ್ದೆಲ್ಲ ಆಮೇಲೆ ನನ್ನ ದವಡೆಯಲ್ಲಿ ನೋಯಿತಲ್ಲ. ಈಗ ಬಾಯಿ ಪೂರ್ತಿ ತೆರೆಯಲು ಬರುತ್ತದೆ, ಅದಕ್ಕೇ ಹೇಳುತ್ತಿದ್ದೇನೆ. ಆಗಲೇ ಬಂದಿದ್ದರೆ ಆಗಲೇ ಹೇಳುತ್ತಿದ್ದೆ, ಇಷ್ಟು ಸಮಾಧಾನದಿಂದಂತೂ ಹೇಳುತ್ತಿರಲಿಲ್ಲ.

ನಮ್ಮೂರಲ್ಲಿ ರೋಗ ಒಬ್ಬರದು, ನೋವು ಇನ್ನೊಬ್ಬರದು. ರೋಗ ಯಾರ ಮೈಯಲ್ಲಿದೆಯೋ ಅವರಿಗೆ ಮೈಯವರು ಅನ್ನುತ್ತೇವೆ, ನೋವು ಯಾರ ಪಾಲಿಗೆ ಬಂದಿದೆಯೋ ಅವರಿಗೆ ಹೊತ್ತವರು ಅನ್ನುತ್ತೇವೆ. ಅದರಲ್ಲೂ ಮೇಲಿನದು ಕೆಳಗೆ, ಕೆಳಗಿನದು ಮೇಲೆ. ಮೈಯವರ ಕುತ್ತಿಗೆಯಲ್ಲೋ ಬಾಯಲ್ಲೋ ರೋಗವಿದ್ದರೆ ಹೊತ್ತವರ ಕಿಬ್ಬೊಟ್ಟೆ ನೋಯುತ್ತದೆ. ಮೈಯವರ ಮೂತ್ರಚೀಲ ಕೆಟ್ಟರೆ ಹೊತ್ತವರ ಗಂಟಲು, ದವಡೆ, ಕಿವಿಯ ಬುಡ ಸಿಡಿಯುತ್ತದೆ. ಅದಕ್ಕೇ ನಮ್ಮ ದವಾಖಾನೆಯಲ್ಲಿ ಗಂಟಲಿನ ವಿಭಾಗವೂ ಮೂತ್ರದ ವಿಭಾಗವೂ ಒಂದೇ ಕೋಣೆಯಲ್ಲಿವೆ. ಗಂಟಲು ನೋಡುವವರು ಇಂದುಮತಿ ಡಾಕ್ಟರು, ಮೂತ್ರ ನೋಡುವವರು ಇನಾಮದಾರ ಡಾಕ್ಟರು. ಇಬ್ಬರ ಮೇಜು ಎದುರುಬದುರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದು ಬೇರೆ ಊರುಗಳಲ್ಲಿ ಗಾದೆ ಹೇಳುತ್ತಾರೆ, ನಮ್ಮಲ್ಲಿ ಅದು ಚಿಕಿತ್ಸೆ.

ಇದಕ್ಕೆ ನಾವು ಹೊಂದಿಕೊಂಡಿದ್ದೇವೆ. ಗಾಣಿಗೇರ ಓಣಿಯ ಒಬ್ಬ ಸೊಸೆಯ ನಾಲಗೆಯ ಕೆಳಗೆ, ಜೊಲ್ಲು ಬರುವ ನಾಳದಲ್ಲಿ, ಜೋಳದ ಕಾಳಿನಷ್ಟು ಕಲ್ಲು ಬೆಳೆದಿತ್ತು. ಹುಳಿ ತಿಂದಾಗೆಲ್ಲ ಜೊಲ್ಲು ಕಟ್ಟಿಕೊಂಡು ಗಲ್ಲದ ಕೆಳಗೆ ಉಬ್ಬುತ್ತಿತ್ತು, ನೋವು ಮಾತ್ರ ಅತ್ತೆಯ ಕಿಬ್ಬೊಟ್ಟೆಗೆ. ಇದು ಸೊಸೆಗೆ ಗೊತ್ತಾದ ಮೇಲೆ ಆ ಮನೆಯಲ್ಲಿ ಉಪ್ಪಿನಕಾಯಿ ಉಳಿಯಲಿಲ್ಲ. ಅತ್ತೆ ಭರಣಿಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದಳು, ಸೊಸೆ ಹುಣಸೆಹಣ್ಣನ್ನು ಸೆರಗಿಗೆ ಕಟ್ಟಿಕೊಂಡಳು. ಕೊನೆಗೆ ಇಂದುಮತಿ ಡಾಕ್ಟರು ಕಲ್ಲು ತೆಗೆದರು. ತೆಗೆಯುವಾಗ ಮಂಪರಿನ ಮದ್ದು ಅತ್ತೆಗೆ ಕೊಟ್ಟರು. ಮದ್ದು ಹೊತ್ತವರಿಗೆ, ಕತ್ತಿ ಮೈಯವರಿಗೆ, ನಮ್ಮ ದವಾಖಾನೆ ನಡೆಯುವುದೇ ಹಾಗೆ.

ಜೋಡಿ ಹುಡುಕಲು ಸೋಮವಾರ ಇದೆ. ಅಂದು ಹೊತ್ತವರೆಲ್ಲ ದವಾಖಾನೆಯ ಪಡಸಾಲೆಯಲ್ಲಿ ಕೂತಿರುತ್ತಾರೆ, ಏನೂ ನೋವಿಲ್ಲದವರು ಅಂಗಳದಲ್ಲಿ ಸಾಲಾಗಿ ನಿಲ್ಲಬೇಕು. ಡಾಕ್ಟರು ಒಬ್ಬೊಬ್ಬರ ಕುತ್ತಿಗೆ, ಕಿಬ್ಬೊಟ್ಟೆ ಒತ್ತುತ್ತ ಬರುತ್ತಾರೆ. ಒಳಗಿನಿಂದ ಯಾರಾದರೂ ಅಯ್ಯೋ ಎಂದರೆ ಜೋಡಿ ಸಿಕ್ಕಿತು. ಆಮೇಲೆ ಬುತ್ತಿಯ ರಿವಾಜು. ಮೈಯವರು ಮೆತ್ತಗಿನ ಅಡುಗೆ ಏನಾದರೂ ಮಾಡಿ, ಬಿಳಿ ಅರಿವೆಯಲ್ಲಿ ಕಟ್ಟಿ, ತಾವೇ ಹೊತ್ತವರ ಮನೆಗೆ ಒಯ್ದು ಕೊಡಬೇಕು. ಬುತ್ತಿ ಕೊಟ್ಟರೆ ಈ ನೋವು ನನ್ನದು ಎಂದು ಒಪ್ಪಿಕೊಂಡಂತೆ. ಒಪ್ಪಿಕೊಂಡವರು ಆಪರೇಶನ್ನಿಗೆ ಇಲ್ಲ ಅನ್ನುವಂತಿಲ್ಲ. ಎಲ್ಲ ಸರಿಯಾಗಿಯೇ ಇದೆ, ಒಂದನ್ನು ಬಿಟ್ಟು. ನಿರೋಗಿ ಬಿಲ್ಲೆ ಇದ್ದವರು ಸೋಮವಾರ ಸಾಲಿನಲ್ಲಿ ನಿಲ್ಲಬೇಕಾಗಿಲ್ಲ. ಇದನ್ನು ಯಾವ ಜಾಣ ಮಾಡಿಟ್ಟನೋ, ಅವನ ಹೊಟ್ಟೆ ತಣ್ಣಗಿರಲಿ. ಒಂದು ದಿನವೂ ನೋವು ಕಾಣದವನನ್ನು ಸಾಲಿನಲ್ಲಿ ಎಲ್ಲರಿಗಿಂತ ಮೊದಲು ನಿಲ್ಲಿಸಬೇಕೋ, ಮನೆಗೆ ಕಳಿಸಬೇಕೋ?

ನನ್ನ ಹೆಸರು ತುಂಗವ್ವ. ಶಾಲೆಯ ಮೈದಾನದ ಹಿಂದೆ ನನ್ನದೊಂದು ಖಾನಾವಳಿ ಇದೆ. ಗಂಡ ತೀರಿಕೊಂಡ ಮೇಲೆ ಅದರಲ್ಲೇ ಬಾಳು ಕಟ್ಟಿಕೊಂಡವಳು ನಾನು. ಬಿಸಿ ರೊಟ್ಟಿ, ಎಣ್ಣೆಗಾಯಿ, ಕಾಳಿನ ಪಲ್ಯ, ಶೇಂಗಾ ಚಟ್ನಿ, ಅನ್ನ, ಮಜ್ಜಿಗೆ. ರೊಟ್ಟಿ ಬಡಿಯಲು ಶಾವಂತ್ರಿ ಇದ್ದಾಳೆ, ಪಲ್ಯದ ಉಪ್ಪು ಖಾರ ನೋಡುವ ನಾಲಗೆ ಮಾತ್ರ ನನ್ನದೇ. ಅಂಥ ನನಗೆ ದವಡೆ ಹಿಡಿದುಕೊಂಡಿತು. ಬಂದಾಗ ಎಡಗಿವಿಯ ಬುಡದಿಂದ ಗಲ್ಲದ ತುದಿಯವರೆಗೆ ಯಾರೋ ಕಬ್ಬಿಣದ ಸರಳು ಕಾಸಿ ತೂರಿಸಿದ ಹಾಗೆ. ಒಂದು ಗಳಿಗೆ ಇದ್ದು ಹೋಗುತ್ತಿತ್ತು, ಮತ್ತೆ ಬರುತ್ತಿತ್ತು. ಅಗಿಯಲು ಬರುವುದಿಲ್ಲ, ಆಕಳಿಸಲು ಬರುವುದಿಲ್ಲ, ಒಬ್ಬರನ್ನು ಬೈಯಲು ಬರುವುದಿಲ್ಲ. ನನ್ನನ್ನು ಬಲ್ಲವರಿಗೆ ಈ ಮೂರನೆಯದು ಎಂಥ ಶಿಕ್ಷೆ ಎಂದು ಗೊತ್ತು. ಪಲ್ಯದ ರುಚಿ ಕೆಟ್ಟಿತು, ಉಣ್ಣುವವರು ಒಬ್ಬೊಬ್ಬರೇ ಬೇರೆ ಖಾನಾವಳಿ ಹಿಡಿದರು. ಹೀಗೇ ಆದರೆ ಖಾನಾವಳಿ ಮುಚ್ಚಬೇಕಾಗುತ್ತದೆ, ಮುಚ್ಚಿದರೆ ನಾನೂ ಶಾವಂತ್ರಿಯೂ ಬೀದಿಗೆ.

ಸೋಮವಾರದ ಮೇಲೆ ಸೋಮವಾರ ಪಡಸಾಲೆಯಲ್ಲಿ ಕೂತೆ. ಊರಿಗೆ ಊರೇ ಅಂಗಳದಲ್ಲಿ ಹೊಟ್ಟೆ ಒತ್ತಿಸಿಕೊಂಡು ಹೋಯಿತು, ನನ್ನ ದವಡೆ ಒಮ್ಮೆಯೂ ಹ್ಞೂಂ ಅನ್ನಲಿಲ್ಲ. ಕೊನೆಗೆ ಇದು ನನ್ನದೇ ನೋವಿರಬೇಕು ಎಂಬ ಹುಚ್ಚು ಹಿಡಿದು ಪರಊರಿನ ಹಲ್ಲಿನ ಡಾಕ್ಟರ ಹತ್ತಿರ ಹೋದೆ. ಆ ಪುಣ್ಯಾತ್ಮ ನಮ್ಮೂರಿನ ರೀತಿ ತಿಳಿಯದವನು, ನೋವಿದ್ದಲ್ಲೇ ರೋಗ ಇರುತ್ತದೆ ಎಂದು ನಂಬಿದವನು. ಕಲ್ಲಿನಂಥ ಎರಡು ದವಡೆಹಲ್ಲು ಕಿತ್ತು ಕೈಗೆ ಕೊಟ್ಟ. ನೋವು ಇದ್ದಲ್ಲೇ ಇತ್ತು, ಹಲ್ಲು ಇರಲಿಲ್ಲ.

ಜೋಡಿ ಸಿಕ್ಕಿದ್ದು ನನ್ನ ಖಾನಾವಳಿಯಲ್ಲೇ. ಅಡಿವೆಪ್ಪ ಮಾಸ್ತರರು ನನ್ನಲ್ಲಿ ಎರಡು ಹೊತ್ತೂ ಉಣ್ಣುವವರು. ಹೆಂಡತಿ ಇಲ್ಲ, ಮಕ್ಕಳಾಗಲಿಲ್ಲ. ಶಾಲೆಯಲ್ಲಿ ಡ್ರಿಲ್ ಮಾಸ್ತರರಾಗಿದ್ದವರು. ಈಗಲೂ ಬೆಳಿಗ್ಗೆ ಮೈದಾನದಲ್ಲಿ ಊರಿನ ದೊಡ್ಡವರನ್ನೆಲ್ಲ ನಿಲ್ಲಿಸಿ ಸೀಟಿ ಊದಿ ಕವಾಯತು ಮಾಡಿಸುತ್ತಾರೆ, ರೋಗ ಎಂಬುದು ಸೋಮಾರಿಗಳ ನೆಪ ಎಂದು ಭಾಷಣ ಮಾಡುತ್ತಾರೆ. ಕಿಟಕಿಯ ಪಕ್ಕ ಅವರ ಜಾಗ. ಊಟವಾದ ಮೇಲೆ ಮಜ್ಜಿಗೆ ಕುಡಿದು, ಬಾಯಿ ಒರೆಸಿಕೊಂಡು, ಹಿತ್ತಲ ಗೋಡೆಯ ಕಡೆ ಹೋಗಿ ಬರುತ್ತಾರೆ. ಒಂದು ದಿನ ಅವರು ಎದ್ದು ಹೋದದ್ದನ್ನೂ ನನಗೆ ದವಡೆ ಹಿಡಿದದ್ದನ್ನೂ ಒಟ್ಟಿಗೆ ಕಂಡೆ. ಮರುದಿನ ನೋಡಿದೆ, ಹಾಗೇ. ರಾತ್ರಿ ಊಟಕ್ಕೂ ಹಾಗೇ. ಬೆಳಿಗ್ಗೆ ಮೈದಾನದಲ್ಲಿ ಸೀಟಿ ಕೇಳಿದ ಮೇಲೆ ನನಗೆ ಯಾಕೆ ಕುಕ್ಕಿ ಕುಕ್ಕಿ ನೋಯುತ್ತದೆ ಎಂಬುದೂ ಆಗ ತಿಳಿಯಿತು. ಮಾಸ್ತರರು ಕುಣಿಕುಣಿದು ಕವಾಯತು ಮಾಡುತ್ತಿದ್ದರು, ಅವರ ಹೊಟ್ಟೆಯಲ್ಲಿದ್ದದ್ದೂ ಕುಣಿಯುತ್ತಿತ್ತು. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ. ಇನ್ನೂ ಖಾತ್ರಿ ಆಗಲಿ ಎಂದು ಒಂದು ದಿನ ಮಜ್ಜಿಗೆಗೆ ಶುಂಠಿ ಇಂಗು ಹಾಕಿ ಒಗ್ಗರಣೆ ಕೊಟ್ಟು, ಮಾಸ್ತರರೇ ಇನ್ನಷ್ಟು, ಮಾಸ್ತರರೇ ಇನ್ನಷ್ಟು ಎಂದು ಚರಿಗೆ ಖಾಲಿಯಾಗುವವರೆಗೆ ಕುಡಿಸಿದೆ. ಖಾತ್ರಿ ಆಯಿತು. ಆ ಮಧ್ಯಾಹ್ನವೆಲ್ಲ ನಾನು ಹಿಟ್ಟಿನ ಡಬ್ಬಿಗೆ ಕೆನ್ನೆ ಒತ್ತಿಕೊಂಡು ಬಿದ್ದಿದ್ದೆ.

ಸಂಜೆ ಅವರು ಊಟಕ್ಕೆ ಬಂದಾಗ ಎದುರಿಗೆ ಕೂತು, ಹಲ್ಲು ಕಚ್ಚಿಕೊಂಡೇ ಹೇಳಿದೆ.

"ಮಾಸ್ತರ್ರ, ಸಿಟ್ಟಾಗಬ್ಯಾಡ್ರಿ. ನಿಮ್ಮ ಹೊಟ್ಟ್ಯಾಗ ಏನೋ ಐತಿ. ಅದರ ಬ್ಯಾನಿ ನನ್ನ ದವಡ್ಯಾಗ ಬಂದೈತಿ."

ಅವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಲಿಲ್ಲ. "ನನಗೇನೂ ನೋವಿಲ್ಲಲ್ಲ ತಂಗಿ" ಎಂದರು.

"ನಿಮಗಿರಂಗಿಲ್ರಿ, ನನಗೈತಿ. ನಮ್ಮೂರಾಗ ಅದು ಹಂಗ ಅಲ್ಲೇನ್ರಿ?"

"ಮಂದಿ ಮಾತು ಬ್ಯಾರೆ. ನಾನು ನಿರೋಗಿ." ಬಿಲ್ಲೆ ಇದೆಯೋ ಇಲ್ಲವೋ ಎಂಬಂತೆ ಎದೆ ಮುಟ್ಟಿ ನೋಡಿಕೊಂಡರು. "ನೀ ಒಂದ್ ಕೆಲಸ ಮಾಡು. ದಿನಾ ಮುಂಜಾನೆ ಮೈದಾನಕ್ಕ ಬಾ, ಒಂದಿಷ್ಟು ಬೈಠಕ್ ಹೊಡಿ. ದವಡಿ ತಾನಾ ಸಡ್ಲ ಆಗ್ತೈತಿ. ಮತ್ತ ಈ ಚಟ್ನಿಗಿ ಉಪ್ಪು ಕಡಿಮಿ ಆಗೈತಿ ನೋಡು."

ಚಟ್ನಿಗೆ ಉಪ್ಪು ಕಡಿಮೆ! ಯಾರಿಂದ ಕಡಿಮೆಯಾಯಿತಪ್ಪಾ? ಆ ಚಟ್ನಿಯನ್ನು ಅವರ ನೆತ್ತಿಗೆ ಸುರಿಯಬೇಕು ಅನ್ನಿಸಿತು. ಬಾಯಿ ಬಿಟ್ಟು ನಾಲ್ಕು ಮಾತಾಡೋಣವೆಂದರೆ ದವಡೆ ಏಳುವುದಿಲ್ಲ. ಅಷ್ಟರಲ್ಲಿ ಅವರು ಎದ್ದು ಹಿತ್ತಲ ಕಡೆ ಹೋದರು, ನಾನು ಅಲ್ಲೇ ಬೆಂಚಿನ ಮೇಲೆ ಮುದುಡಿಕೊಂಡೆ. ಅವರು ಹಾಡು ಗುನುಗುತ್ತ ವಾಪಸು ಬಂದರು.

ನಾಳೆಯಿಂದ ನಿಮಗೆ ಇಲ್ಲಿ ಊಟವಿಲ್ಲ ಎಂದು ಶಾವಂತ್ರಿಯಿಂದ ಹೇಳಿ ಕಳಿಸಿದೆ. ಮಾಸ್ತರರು ಬಸ್ ನಿಲ್ದಾಣದ ಹೋಟೆಲಿಗೆ ಹೋದರು. ಅಲ್ಲಿ ಪುರಿಭಾಜಿ, ಅಲ್ಲಿ ಚಹಾದ ಮೇಲೆ ಚಹಾ. ನನ್ನ ದವಡೆ ಹಗಲೂ ಇರುಳೂ ಉರಿಯತೊಡಗಿತು. ತಡೆಯಲಾರದೆ ನಾನೇ ಮತ್ತೆ ಹೇಳಿ ಕಳಿಸಿದೆ, ಬರ್ರಿ ಮಾಸ್ತರ್ರ, ಉಣ್ಣ್ರಿ ಎಂದು. ಅವರಿಗೆ ಖಾರ ಕಡಿಮೆ ಮಾಡಿ, ಬಾರ್ಲಿ ಕುದಿಸಿ ಕೊಟ್ಟು, ನೆರಳಿನಲ್ಲಿ ಕೂಡಿಸಿ ಉಪಚಾರ ಮಾಡಿದೆ. ಸಿಟ್ಟು ತರಿಸಿದವರ ಮೇಲೆ ಸೇಡು ತೀರಿಸಿಕೊಳ್ಳುವ ಸುಖವೂ ನನಗಿಲ್ಲ, ಅವರಿಗೆ ಏನು ಮಾಡಿದರೂ ಅದು ನನಗೇ ಬರುತ್ತದೆ. ಬುತ್ತಿ ತರಬೇಕಾದವರು ಅವರು, ಎರಡು ಹೊತ್ತೂ ಮೆತ್ತಗೆ ಬೇಯಿಸಿ ಹಾಕುವವಳು ನಾನು.

ಇಂದುಮತಿ ಡಾಕ್ಟರಿಗೆ ಹೇಳಿದೆ. ಅವರು ನಂಬಿದರು. ಇನಾಮದಾರ ಡಾಕ್ಟರನ್ನು ಕರೆದುಕೊಂಡು ಮಾಸ್ತರರ ಮನೆಗೇ ಹೋದರು, ಒಂದು ಸಲ ಹೊಟ್ಟೆ ಮುಟ್ಟಿ ನೋಡುತ್ತೇವೆ ಎಂದು ಕೈ ಮುಗಿದರು. ಮಾಸ್ತರರು ಬಿಲ್ಲೆ ತೋರಿಸಿ ಚಹಾ ಕೊಟ್ಟು ಕಳಿಸಿದರಂತೆ. ಆ ಚಹಾವನ್ನು ಮಾಸ್ತರರೂ ಜೊತೆಗೆ ಕುಡಿದರು ಎಂಬುದನ್ನು ನನಗೆ ಯಾರೂ ಹೇಳಬೇಕಾಗಲಿಲ್ಲ.

ಅಷ್ಟರಲ್ಲಿ ಅವರಿಗೆ ಎಪ್ಪತ್ತು ತುಂಬಿತು. ಅವರ ಹಳೆಯ ವಿದ್ಯಾರ್ಥಿಗಳು ಸನ್ಮಾನ ಸಮಿತಿ ಮಾಡಿಕೊಂಡು ಮೈದಾನದಲ್ಲಿ ಪೆಂಡಾಲು ಹಾಕಿದರು. ಮುಂದಿನ ಸಾಲಿನಲ್ಲಿ ಗಣ್ಯರು, ಡಾಕ್ಟರುಗಳು. ಅಡುಗೆ ನನ್ನದಾದ್ದರಿಂದ ನನಗೂ ಅಲ್ಲೇ ಒಂದು ಕುರ್ಚಿ. ಶಾಲು ಆಯಿತು, ಹಾರ ಆಯಿತು, ಹಣ್ಣಿನ ಬುಟ್ಟಿ ಆಯಿತು. ಆಮೇಲೆ ಸಮಿತಿಯ ಅಧ್ಯಕ್ಷರು ಒಂದು ಅಗಲವಾದ ಚರ್ಮದ ನಡುಪಟ್ಟಿ ತೆಗೆದರು, ಪೈಲ್ವಾನರಿಗೆ ಕೊಡುವಂಥದ್ದು, ಬೆಳ್ಳಿಯ ಬಿಲ್ಲೆ ಇದ್ದದ್ದು. ಎರಡು ಕಡೆ ಇಬ್ಬರು ಹಳೆಯ ವಿದ್ಯಾರ್ಥಿಗಳು ನಿಂತು ಮಾಸ್ತರರ ಕಿಬ್ಬೊಟ್ಟೆಗೆ ಅದನ್ನು ಸುತ್ತಿ, ಹುಕ್ಕು ಹಾಕಲು ಜಗ್ಗಿದರು.

ನಾನು ಕಿರುಚಿದೆ. ಹಾಗೆ ಕಿರುಚಿದ್ದು ನನಗೇ ಗೊತ್ತಾಗಲಿಲ್ಲ. ಬ್ಯಾಂಡಿನವರು ನಿಲ್ಲಿಸಿದರು. ಪಟ್ಟಿ ಹಿಡಿದವರು ಗಾಬರಿಯಿಂದ ಸಡಿಲ ಬಿಟ್ಟರು, ನಾನು ಸುಮ್ಮನಾದೆ. ಏನಾಯಿತು ಎಂದು ತಿಳಿಯದೆ ಮತ್ತೆ ಜಗ್ಗಿದರು, ಮತ್ತೆ ಕಿರುಚಿದೆ. ಇನಾಮದಾರ ಡಾಕ್ಟರು ಕುರ್ಚಿಯಿಂದ ಎದ್ದೇಬಿಟ್ಟರು. ನನ್ನ ಕಣ್ಣಿಗೆ ತಮ್ಮ ಕರವಸ್ತ್ರ ಕಟ್ಟಿ, ವೇದಿಕೆಯ ಮೇಲಿನವರಿಗೆ ಕೈಸನ್ನೆ ಮಾಡಿ, ಪಟ್ಟಿ ಬಿಗಿ ಮಾಡಿಸಿದರು, ಸಡಿಲ ಮಾಡಿಸಿದರು, ಮತ್ತೆ ಬಿಗಿ ಮಾಡಿಸಿದರು. ಪ್ರತಿ ಬಿಗಿಗೂ ನನ್ನ ಕೂಗು. ಪೆಂಡಾಲಿನಲ್ಲಿ ಕೂತ ಊರಿಗೆಲ್ಲ ಸೋಮವಾರ ಗೊತ್ತು, ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಕರವಸ್ತ್ರ ಬಿಚ್ಚಿದಾಗ ನನಗೆ ಕಣ್ಣಲ್ಲಿ ನೀರು, ಆದರೂ ಒಳಗೊಳಗೇ ಸಂತೋಷ. ಸಿಕ್ಕಿತಲ್ಲ, ಇನ್ನು ಮುಗಿಯಿತು ಅಂದುಕೊಂಡೆ.

"ಮಾಸ್ತರ್ರ, ಮೂತ್ರಚೀಲದಾಗ ಕಲ್ಲು ಅದ, ದೊಡ್ಡದು. ನಾಳೆನ ಬರ್ರಿ, ತಗದ ಬಿಡ್ತೀನಿ" ಎಂದರು ಇನಾಮದಾರ ಡಾಕ್ಟರು.

"ನನಗೇನೂ ನೋವಿಲ್ಲಲ್ಲ" ಎಂದರು ಮಾಸ್ತರರು, ಮೈಕಿನಲ್ಲಿ. "ನೋವಿಲ್ಲದ ಹೊಟ್ಟಿ ನಾ ಯಾಕ ಕೊಯ್ಸಿಕೊಳ್ಳಲಿ?"

ಚಪ್ಪಾಳೆ ಬಿತ್ತು. ನಿಜವಾಗಿಯೂ ಚಪ್ಪಾಳೆ ಬಿತ್ತು. ಅಧ್ಯಕ್ಷರು ನನ್ನ ಕಡೆ ತಿರುಗಿ, ಮಗುವಿಗೆ ಹೇಳುವಂತೆ ಹೇಳಿದರು, "ಮೈ ಅವರದು ತುಂಗವ್ವ, ನಾವು ಒತ್ತಾಯ ಮಾಡಾಕ ಬರಂಗಿಲ್ಲ. ನೀ ಒಂದೀಟು ತಡಕೊಳವ್ವ. ಹೆಣ್ಣಮಕ್ಕಳಿಗಿ ತಡಕೊಳ್ಳೂ ಶಕ್ತಿ ದೇವರು ಕೊಟ್ಟಿರ್ತಾನ."

ಯಾವ ದೇವರು ಕೊಟ್ಟಿದ್ದ? ಯಾವಾಗ ಕೊಟ್ಟಿದ್ದ? ಕೊಟ್ಟಿದ್ದರೆ ನಾನು ಎರಡು ಹಲ್ಲು ಯಾಕೆ ಕೀಳಿಸಿಕೊಳ್ಳುತ್ತಿದ್ದೆ? ಇದುವರೆಗೆ ನಂಬದಿದ್ದವರು ಗೊತ್ತಿಲ್ಲದೆ ನಂಬಲಿಲ್ಲ ಎಂದುಕೊಂಡಿದ್ದೆ. ಈಗ ಎಲ್ಲರಿಗೂ ಗೊತ್ತು, ಎಲ್ಲರೂ ಕಣ್ಣಾರೆ ನೋಡಿದ್ದಾರೆ, ನೋಡಿ ಹೋಗಿ ನಾನು ಮಾಡಿದ ಗೋಧಿ ಹುಗ್ಗಿಯನ್ನು ಎರಡೆರಡು ಸಲ ಹಾಕಿಸಿಕೊಂಡು ಉಂಡರು. ಅಂದಿನಿಂದ ನನಗೆ ನೋವಿಗಿಂತ ಸಿಟ್ಟೇ ಹೆಚ್ಚಾಯಿತು. ಬುತ್ತಿ ಬರಲಿಲ್ಲ. ಬುತ್ತಿ ತಂದರೆ ಒಪ್ಪಿಕೊಂಡಂತಲ್ಲ, ಹಾಗಾಗಿ ಮಾಸ್ತರರು ನಮ್ಮ ಖಾನಾವಳಿಗೆ ಬರುವಾಗ ಕೈಯಲ್ಲಿ ಒಂದು ಬಾಳೆಹಣ್ಣನ್ನೂ ಹಿಡಿದು ಬರುತ್ತಿರಲಿಲ್ಲ.

ಹೀಗೇ ದಿನ ಹೋಗುತ್ತಿದ್ದಾಗ ಒಂದು ಮಧ್ಯಾಹ್ನ, ಊಟದ ಗಡಿಬಿಡಿಯ ನಡುವೆ, ನೋವಿನ ರೀತಿಯೇ ಬೇರೆಯಾಯಿತು. ಅದುವರೆಗೆ ಬರುತ್ತಿತ್ತು, ಹೋಗುತ್ತಿತ್ತು. ಅಂದು ಬೆಳಗಿನಿಂದ ಬಂದದ್ದು ಇಳಿಯಲೇ ಇಲ್ಲ, ಏರುತ್ತಲೇ ಹೋಯಿತು. ಕುತ್ತಿಗೆಯ ಸುತ್ತ ಬಿಗಿದು ಕಿವಿ ಗುಂಯ್ ಅನ್ನುತ್ತಿತ್ತು, ಉಗುಳು ನುಂಗಲೂ ಆಗುತ್ತಿರಲಿಲ್ಲ. ಕಿಟಕಿಯ ಕಡೆ ನೋಡಿದೆ. ಮಾಸ್ತರರು ಕೂತಿದ್ದರು. ಮುಖ ಕೆಂಪಗಾಗಿತ್ತು, ಮೈ ಸಣ್ಣಗೆ ನಡುಗುತ್ತಿತ್ತು, ಶರ್ಟಿನ ಕೆಳಗೆ ಹೊಟ್ಟೆ ಉಬ್ಬಿತ್ತು. ಬೆಳಗಿನಿಂದ ಅವರು ಹಿತ್ತಲಿಗೆ ಹೋಗಿರಲಿಲ್ಲ, ಹೋಗಬೇಕೆಂದು ಅವರಿಗೆ ಅನ್ನಿಸಿಯೇ ಇರಲಿಲ್ಲ. ಕಲ್ಲು ಬಂದು ದಾರಿಗೆ ಅಡ್ಡ ಕೂತಿದೆ, ಮೂತ್ರ ಕಟ್ಟಿದೆ ಎಂದು ನನಗೆ ತಿಳಿಯಿತು. ಅವರ ಮೈಯ ಸುದ್ದಿ ಅವರಿಗಲ್ಲ, ನನಗೆ ಬರುತ್ತಿತ್ತಲ್ಲ. ಅವರು ಶಾವಂತ್ರಿಯನ್ನು ಕರೆದು ಇನ್ನೊಂದು ರೊಟ್ಟಿ ಕೇಳಿದರು.

ಒಲೆಯ ಮುಂದೆ ನಿಂತು ಒಂದು ಗಳಿಗೆ ಯೋಚಿಸಿದೆ. ಸುಳ್ಳು ಯಾಕೆ ಹೇಳಲಿ, ಯೋಚಿಸಿದೆ. ನಾನು ಸುಮ್ಮನಿದ್ದರೆ ಇವರು ಉಂಡು ಮನೆಗೆ ಹೋಗಿ ಮಲಗುತ್ತಾರೆ, ಮತ್ತೆ ಏಳುವುದಿಲ್ಲ. ಮೈ ಹೋದರೆ ನೋವೂ ಹೋಗುತ್ತದೆ. ನಮ್ಮೂರಲ್ಲಿ ಹೀಗೆ ಸುಮ್ಮನಿದ್ದು ಪಾರಾದ ಹೊತ್ತವರು ಇದ್ದಾರೆ, ಅವರ ಹೆಸರು ಯಾರೂ ಎತ್ತುವುದಿಲ್ಲ. ನಾಳೆಯಿಂದ ನಾನು ಅಗಿಯಬಹುದು, ಆಕಳಿಸಬಹುದು. ಯಾರೂ ನನ್ನನ್ನು ಏನೂ ಕೇಳುವುದಿಲ್ಲ. ತಡಕೋ ಅಂದಿದ್ದರಲ್ಲ, ತಡಕೊಂಡೆ ಅನ್ನಬಹುದು.

ಆದರೆ ಆಮೇಲೆ ಏನಾಗುತ್ತದೆ ಎಂಬುದೂ ಕಣ್ಣಿಗೆ ಕಟ್ಟಿತು. ಬ್ಯಾಂಡು ಬಾರಿಸಿಕೊಂಡು ಮೆರವಣಿಗೆ ಮಾಡುತ್ತಾರೆ. ಕೊನೆಯ ಗಳಿಗೆಯವರೆಗೂ ಒಂದು ನೋವು ಕಾಣದ ಪುಣ್ಯವಂತ ಎಂದು ಅಧ್ಯಕ್ಷರು ಕಣ್ಣೊರೆಸಿಕೊಳ್ಳುತ್ತಾರೆ. ಮೈದಾನದಲ್ಲಿ ಒಂದು ಮೂರ್ತಿ ನಿಲ್ಲಿಸಿದರೂ ನಿಲ್ಲಿಸಿಯಾರು. ದಿನಾ ಬೆಳಗಾದರೆ ನನ್ನ ಅಡುಗೆಮನೆಯ ಕಿಟಕಿಯಿಂದ ಅದನ್ನು ನಾನು ನೋಡಬೇಕು. ಇಲ್ಲ, ಈ ಮನುಷ್ಯನನ್ನು ನಾನು ನಿರೋಗಿಯಾಗಿ ಸಾಯಲು ಬಿಡುವುದಿಲ್ಲ ಎಂದುಕೊಂಡೆ. ಕರುಣೆಯಿಂದ ಉಳಿಸಿದಳು ಎಂದು ಈಗ ಕೆಲವರು ಹೇಳುತ್ತಾರೆ. ಕರುಣೆಯಲ್ಲ ಮಣ್ಣಲ್ಲ, ಸಿಟ್ಟು.

ಒಲೆ ಆರಿಸಿದೆ. ತರಕಾರಿ ತಂದಿದ್ದ ಟಂಟಂ ಗಾಡಿ ಬಾಗಿಲಲ್ಲಿ ನಿಂತಿತ್ತು. ನಾನು ಒಂದು ರೆಟ್ಟೆ, ಶಾವಂತ್ರಿ ಒಂದು ರೆಟ್ಟೆ ಹಿಡಿದು ಮಾಸ್ತರರನ್ನು ಎಂಜಲು ಕೈಯಲ್ಲೇ ಎಬ್ಬಿಸಿ ಬದನೆಕಾಯಿ ಚೀಲದ ಮೇಲೆ ಕೂಡಿಸಿದೆವು. "ನನಗೇನೂ ನೋವಿಲ್ಲ, ಬಿಡ್ರಿ ನನ್ನ" ಎಂದು ಅವರು ದಾರಿಯುದ್ದಕ್ಕೂ ಹೇಳುತ್ತಿದ್ದರು. ಪ್ರತಿ ತಗ್ಗಿಗೂ ನಾನು ಗೋಳೋ ಅನ್ನುತ್ತಿದ್ದೆ. ಬೀದಿಯ ಜನ ನನ್ನನ್ನೇ ರೋಗಿ ಅಂದುಕೊಂಡಿರಬೇಕು.

ಇನಾಮದಾರ ಡಾಕ್ಟರು ಹೊಟ್ಟೆಯ ಮೇಲೆ ಕೈ ಇಟ್ಟು ನೋಡಿದರು. ಮೂತ್ರಚೀಲ ಹೊಕ್ಕುಳದವರೆಗೆ ಏರಿದೆ, ಮೈಯಲ್ಲಿ ನಂಜು ಏರುತ್ತಿದೆ ಎಂದರು. ನಳಿಕೆ ಹಾಕಲು ನೋಡಿದರು, ಕಲ್ಲು ಬಿಡಲಿಲ್ಲ. ನನ್ನ ಕೂಗಿಗೆ ಇಂದುಮತಿ ಡಾಕ್ಟರು ನನ್ನ ತಲೆಯನ್ನು ತಮ್ಮ ಎದೆಗೆ ಒತ್ತಿ ಹಿಡಿದುಕೊಂಡರು.

"ಈಗಿಂದೀಗ ಕೊಯ್ದು ತಗೀಬೇಕು. ಸಹಿ ಹಾಕ್ರಿ ಮಾಸ್ತರ್ರ" ಎಂದು ಇನಾಮದಾರ ಡಾಕ್ಟರು ಕಾಗದ ಚಾಚಿದರು.

"ನಾ ಹಾಕಂಗಿಲ್ಲ. ನಾ ನಿರೋಗಿ."

ಸಹಿಯ ನಿಯಮ ನಮ್ಮಲ್ಲಿ ಹೀಗಿದೆ. ಮೈಯವರಿಗೆ ಬುದ್ಧಿ ನೆಟ್ಟಗಿರುವವರೆಗೆ ಸಹಿ ಅವರದು, ಅವರಿಗೆ ಬುದ್ಧಿ ತಪ್ಪಿದರೆ ಹೊತ್ತವರದು. ಅಂದರೆ ಮಾಸ್ತರರನ್ನು ಬದುಕಿಸಬೇಕೆಂದರೆ ಮೊದಲು ಅವರಿಗೆ ಜ್ವರ ನೆತ್ತಿಗೇರಬೇಕು. ಇಬ್ಬರು ದೊಡ್ಡ ಡಾಕ್ಟರುಗಳು, ಕತ್ತಿ ಕತ್ತರಿ ಕುದಿಸಿ ಇಟ್ಟುಕೊಂಡು, ಆ ಮುದುಕನಿಗೆ ಬುದ್ಧಿ ಕೆಡುವುದನ್ನು ಕಾಯುತ್ತ ನಿಂತರು. ಪಕ್ಕದ ಮಂಚದಲ್ಲಿ ನಾನು ತಲೆದಿಂಬು ಕಚ್ಚಿಕೊಂಡು ಹೊರಳುತ್ತಿದ್ದೆ. ಇಷ್ಟು ದಿನ ಆ ತಲೆಯಲ್ಲಿ ಇದ್ದದ್ದು ನೆಟ್ಟಗಿನ ಬುದ್ಧಿ ಎಂದು ಯಾರು ತೀರ್ಮಾನ ಮಾಡಿದರು ಎಂದು ಕೇಳಬೇಕೆನ್ನಿಸಿತು. ದವಡೆ ಏಳಲಿಲ್ಲ.

ಹೊತ್ತು ಇಳಿಯುವಾಗ ಮಾಸ್ತರರು ಮಲಗಿದಲ್ಲೇ ಕೈ ಬೀಸತೊಡಗಿದರು. "ಸಾವಧಾನ್!" ಎಂದು ಕೂಗಿದರು. ಇನಾಮದಾರ ಡಾಕ್ಟರು ಬಗ್ಗಿ, "ಮಾಸ್ತರ್ರ, ಇವತ್ತು ಯಾವ ವಾರ?" ಎಂದು ಕೇಳಿದರು. "ಎಡಕ್ಕ ತಿರುಗು!" ಎಂದರು ಮಾಸ್ತರರು. ಡಾಕ್ಟರು ಕಾಗದ ತಂದು ನನ್ನ ಮುಂದೆ ಹಿಡಿದರು. ಕಾಗದ ಹರಿಯುವ ಹಾಗೆ ಒತ್ತಿ ಬರೆದೆ, ತುಂಗವ್ವ ಎಂದು.

ಮದ್ದು ನನಗೆ ಕೊಟ್ಟರು, ನಾನು ಮಲಗಿದೆ. ಆಮೇಲಿನದು ಕೇಳಿದ್ದು. ಹೊಟ್ಟೆ ಕೊಯ್ಯುವಾಗ ಮಾಸ್ತರರು ಎಚ್ಚರವಾಗಿಯೇ ಇದ್ದು ಕವಾಯತು ಮಾಡಿಸಿದರಂತೆ. ಬಲಕ್ಕೆ ತಿರುಗು ಎಂದಾಗ ಹೊಸದಾಗಿ ಬಂದ ಒಬ್ಬ ನರ್ಸ್, ಅವರ ಹಳೆಯ ವಿದ್ಯಾರ್ಥಿನಿ, ಕೈಯಲ್ಲಿ ತಟ್ಟೆ ಹಿಡಿದುಕೊಂಡೇ ಬಲಕ್ಕೆ ತಿರುಗಿದಳಂತೆ.

ನನಗೆ ಎಚ್ಚರವಾದಾಗ ದವಡೆ ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡಿಕೊಂಡೆ. ಬಾಯಿ ತೆರೆದೆ, ಮುಚ್ಚಿದೆ, ಮತ್ತೆ ದೊಡ್ಡದಾಗಿ ತೆರೆದೆ. ಅವರ ಹೊಲಿಗೆಯ ಸಣ್ಣ ಚುರುಕು ಬಿಟ್ಟರೆ ಏನೂ ಇಲ್ಲ. ಒಂದು ಆಕಳಿಕೆ ಬಂತು, ಅಂಥ ಸುಖ ಹೇಳಿ ಮುಗಿಯುವುದಿಲ್ಲ, ಅತ್ತುಬಿಟ್ಟೆ. ಅತ್ತು ಮುಗಿಸಿ ಕೇಳಿದ ಮೊದಲ ಮಾತು, "ಎಲ್ಲದಾನ ಆ ಮುದುಕ?" ಮುದುಕ ಪಕ್ಕದ ಮಂಚದಲ್ಲಿ ಗೊರಕೆ ಹೊಡೆಯುತ್ತಿದ್ದರು. ಇನಾಮದಾರ ಡಾಕ್ಟರು ಒಂದು ತಟ್ಟೆಯಲ್ಲಿ ಕಲ್ಲು ತಂದಿಟ್ಟರು. ಮೋಸಂಬಿಯಷ್ಟು ದೊಡ್ಡದು, ಕಂದು ಬಣ್ಣ, ಮೈಯೆಲ್ಲ ತರಿತರಿ. ಮೈಯಿಂದ ತೆಗೆದದ್ದು ಸಹಿ ಹಾಕಿದವರಿಗೆ ಸೇರಬೇಕು, ಅದೂ ನಮ್ಮ ದವಾಖಾನೆಯ ನಿಯಮವೇ. ಸೆರಗಿನಲ್ಲಿ ಕಟ್ಟಿಕೊಂಡು ಮನೆಗೆ ಬಂದೆ.

ಇನ್ನಾದರೂ ಊರಿಗೆ ಬುದ್ಧಿ ಬರುತ್ತದೆ ಎಂದು ನೀವು ಅಂದುಕೊಂಡಿದ್ದರೆ ನಮ್ಮೂರು ನಿಮಗೆ ಇನ್ನೂ ತಿಳಿದಿಲ್ಲ. ಮಾಸ್ತರರ ಹೊಲಿಗೆ ಬಿಚ್ಚುವುದರೊಳಗೆ ಸಮಿತಿ ಮತ್ತೆ ಸೇರಿತು. ಅಷ್ಟು ದೊಡ್ಡ ಕಲ್ಲನ್ನು ಹೊಟ್ಟೆಯಲ್ಲಿಟ್ಟುಕೊಂಡು ತುಟಿ ಪಿಟಕ್ಕೆನ್ನದೆ ಕವಾಯತು ಮಾಡಿಸಿದ ಧೀರ ಎಂದು ಅವರಿಗೆ ಇನ್ನೊಂದು ಬಿಲ್ಲೆ ಕೊಡುವುದೆಂದು ತೀರ್ಮಾನವಾಯಿತು. ಈ ಸಲದ ಬಿರುದು ಸಹನಶೀಲ. ಡಾಕ್ಟರುಗಳ ಅಪರೂಪದ ಪ್ರಕರಣಗಳ ಸಭೆಯಲ್ಲಿ ಮಾಸ್ತರರ ಚಿತ್ರ, ಕಲ್ಲಿನ ಚಿತ್ರ ಗೋಡೆಯಷ್ಟು ದೊಡ್ಡದಾಗಿ ತೋರಿಸಿದರಂತೆ. ಕೆಳಗಿನ ಬರಹದ ಕೊನೆಯ ಸಾಲಿನಲ್ಲಿ ನಾನೂ ಇದ್ದೆ, ಹೊತ್ತ ಮಹಿಳೆ, ಮಧ್ಯವಯಸ್ಸು ಎಂದು. ಇಂದುಮತಿ ಡಾಕ್ಟರು ಎದ್ದು ನಿಂತು, ಆಕೆಗೆ ಹೆಸರಿದೆ ಎಂದು ಹೇಳಿದರಂತೆ. ಸಮಯವಾಯಿತು ಎಂದು ಗಂಟೆ ಬಾರಿಸಿದರಂತೆ. ಅಪರೂಪದ ಪ್ರಕರಣವಂತೆ! ಕಲ್ಲು ಅಷ್ಟು ಬೆಳೆದದ್ದು ಅಪರೂಪ ಇರಬಹುದು. ನೋಯುತ್ತಿದೆ ಎಂದು ಒಬ್ಬಳು ಹೇಳಿದಾಗ ನನಗೆ ನೋವಿಲ್ಲವಲ್ಲ ಅನ್ನುವುದು ಮನೆಮನೆಯಲ್ಲಿದೆ.

ಸನ್ಮಾನದ ಹಿಂದಿನ ದಿನ ಅಧ್ಯಕ್ಷರು ಖಾನಾವಳಿಗೆ ಬಂದರು. "ಆ ಕಲ್ಲು ಕೊಡವ್ವ, ವೇದಿಕಿ ಮ್ಯಾಲೆ ಅರಿಷಿಣ ಕುಂಕುಮ ಹಚ್ಚಿ ಇಡ್ತೇವಿ" ಎಂದರು.

"ಕೊಡಂಗಿಲ್ರಿ. ಅದು ನನ್ನ ಸಹಿಗಿ ಬಂದಿದ್ದು."

"ನಿನಗದು ಏನ್ ಉಪಯೋಗ?"

"ಐತ್ರಿ ಉಪಯೋಗ" ಎಂದೆ. ಆಮೇಲೆ ಇನ್ನೂ ಬಹಳ ಹೇಳಿದೆ, ಇಷ್ಟು ದಿನ ದವಡೆಯ ಹಿಂದೆ ಕೂಡಿಟ್ಟದ್ದನ್ನೆಲ್ಲ ಹೇಳಿದೆ. ಅಧ್ಯಕ್ಷರು ಚಪ್ಪಲಿ ಹಾಕಿಕೊಳ್ಳುವಾಗ ಎಡಬಲ ತಪ್ಪಿದರು. ಸನ್ಮಾನದ ಅಡುಗೆಯನ್ನು ಬೇರೆಯವರಿಂದ ಮಾಡಿಸಿದರು.

ಎರಡು ಬಿಲ್ಲೆ ಹಾಕಿಕೊಂಡ ಮಾಸ್ತರರು ಒಂದು ಮಧ್ಯಾಹ್ನ ಊಟಕ್ಕೆ ಬಂದರು. ಕೈ ಖಾಲಿ. ಬುತ್ತಿ ಎಲ್ಲಿ ಮಾಸ್ತರರೇ ಎಂದು ಶಾವಂತ್ರಿ ಕೇಳಿಯೇಬಿಟ್ಟಳು. ಈಗ ರೋಗವೇ ಇಲ್ಲವಲ್ಲ, ಬುತ್ತಿ ಯಾತಕ್ಕೆ ಎಂದು ನಕ್ಕು ಕಿಟಕಿಯ ಪಕ್ಕ ಕೂತರು. ಖಾನಾವಳಿ ತುಂಬಿತ್ತು, ನನ್ನ ನಾಲಗೆ ಸರಿಯಾದ ಮೇಲೆ ಜನ ಮತ್ತೆ ಬರುತ್ತಿದ್ದರು. ನಾನೇ ತಾಟು ಹಚ್ಚಿದೆ. ಎಣ್ಣೆಗಾಯಿ ಹಾಕಿದೆ, ಪಲ್ಯ ಹಾಕಿದೆ. ಚಟ್ನಿ ಇಡುವ ಜಾಗದಲ್ಲಿ ತೊಳೆದ ಕಲ್ಲನ್ನು ಇಟ್ಟು ತಂದು ಅವರ ಮುಂದೆ ಇಳಿಸಿದೆ.

"ಇದೇನಿದು ತಂಗಿ?"

"ನಿಮ್ದರಿ."

ಅವರು ನೋಡಿದರು. ಕೈ ಮುಂದೆ ಬಂತು, ಹಿಂದೆ ಹೋಯಿತು. ಅಕ್ಕಪಕ್ಕದವರು ಅಗಿಯುವುದನ್ನು ನಿಲ್ಲಿಸಿದ್ದರು. "ತಗಿ ಅದನ್ನ" ಎಂದರು ಸಣ್ಣ ದನಿಯಲ್ಲಿ. "ಅದನ್ನ ನೋಡಕೋತ ಉಣ್ಣಾಕ ಆಗವಲ್ದು."

ನಾನು ಸೊಂಟದ ಮೇಲೆ ಕೈ ಇಟ್ಟುಕೊಂಡು, ಬಾಯಿ ತುಂಬ ಕೇಳಿದೆ. "ಯಾಕ್ರಿ ಮಾಸ್ತರ್ರ, ನಿಮಗೇನರ ನೋವಾಗ್ತೈತೇನ್ರಿ?"

ಮಾಸ್ತರರು ಕಲ್ಲನ್ನು ನೋಡಿದರು, ನನ್ನನ್ನು ನೋಡಿದರು, ಎದೆಯ ಮೇಲಿನ ಎರಡು ಬಿಲ್ಲೆಗಳನ್ನು ಮುಟ್ಟಿಕೊಂಡರು. ಹೌದು ಅಂದರೆ ಬಿಲ್ಲೆ ಹೋಗುತ್ತದೆ. "ಇಲ್ಲ" ಎಂದರು.

"ಹಂಗಾದ್ರ ಉಣ್ಣ್ರಿ" ಎಂದು, ಕಲ್ಲಿನ ಪಕ್ಕದಲ್ಲಿ ಬಿಸಿ ರೊಟ್ಟಿ ಹಾಕಿದೆ.